ಅತ್ತೆಯ ಹೆಸರಿಗೆ ಕಾದಿದ್ದ ಚಿಟ್ಟೆ

ನಾನು ಮದುವೆಯಾಗಿ ಮೈಸೂರಿನ ಆ ಮನೆಗೆ ಬಂದ ಮಾರನೆಯ ದಿನವೇ ಮಾವನವರು ನನಗೊಂದು ಪರೀಕ್ಷೆ ಇಟ್ಟರು. ಅಡುಗೆಯದಲ್ಲ, ಹಾಡಿನದೂ ಅಲ್ಲ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಕಾಗದದ ಚೂರೊಂದನ್ನು ಮುಂದಿಟ್ಟು, "ಕಾನ್ವೆಂಟಲ್ಲಿ ಓದಿದೀಯಂತಲ್ಲಮ್ಮ, ಇದರಲ್ಲಿ ಮೂರು ಸಾಲು ಇಂಗ್ಲಿಷು ಹಿಡಿಸು ನೋಡೋಣ" ಎಂದರು. ನಮ್ಮ ಸಿಸ್ಟರುಗಳು ಬೆರಳ ಗೆಣ್ಣಿಗೆ ಪೆಟ್ಟು ಕೊಟ್ಟು ಅಕ್ಷರ ಕಲಿಸಿದವರು. ನಾನು ಉಸಿರು ಬಿಗಿಹಿಡಿದು, ತೆಳು ನಿಬ್ಬಿನಲ್ಲಿ, ಚಿಟ್ಟೆ ಸಿಕ್ಕಿದ ಊರು, ತಿಂಗಳು, ಹಿಡಿದವರ ಹೆಸರು ಮೂರನ್ನೂ ಅದರಲ್ಲಿ ಕೂರಿಸಿದೆ. ಮಾವ ಭೂತಕನ್ನಡಿ ಹಿಡಿದು ಓದಿ, ಅಡುಗೆಮನೆಯ ಕಡೆ ತಿರುಗಿ, ಸೊಸೆ ಪಾಸಾದಳು ಎಂದು ಕೂಗಿ ಹೇಳಿದರು. ಒಳಗಿನಿಂದ ಅತ್ತೆ, "ಇನ್ನು ಅವಳೂ ನಿಮ್ಮ ಹುಳಗಳ ಗುಮಾಸ್ತೆ ಆದ್ಲು ಅನ್ನಿ" ಎಂದರು.

ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿತ್ತೋ ಏನೋ. ಮಾವನವರು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾಗಿದ್ದರು. ಬೆಳಗಾಗುತ್ತಲೇ ಹಣೆಗೆ ವಿಭೂತಿ ಧರಿಸಿ, ಕಚೇರಿಗೆ ಹೋಗುವಾಗ ತೊಡುತ್ತಿದ್ದ ಅದೇ ಕೋಟು ತೊಟ್ಟು, ಬಲೆಯ ಕೋಲನ್ನು ಕೊಡೆಯಂತೆ ಕಂಕುಳಲ್ಲಿ ಇರುಕಿಸಿಕೊಂಡು ಚಾಮುಂಡಿ ಬೆಟ್ಟದ ತಪ್ಪಲಿಗೆ ಹೊರಟುಬಿಡುತ್ತಿದ್ದರು. ಮೆಟ್ಟಿಲ ಬಳಿ ಹಣ್ಣುಕಾಯಿ ಮಾರುವವರು ಮೊದಮೊದಲು ಅವರನ್ನು ಕೂಗಿ ಕರೆಯುತ್ತಿದ್ದರಂತೆ. ದಿನವೂ ಬಂದು, ಮೆಟ್ಟಿಲು ಹತ್ತದೆ ಪಕ್ಕದ ಪೊದೆಗೆ ನುಗ್ಗುವ ಈ ಭಕ್ತರನ್ನು ಆಮೇಲಾಮೇಲೆ ಅವರ ಪಾಡಿಗೆ ಬಿಟ್ಟರು.

ದೊಡ್ಡ ರೆಕ್ಕೆಯ, ಕಣ್ಣು ಕುಕ್ಕುವ ಬಣ್ಣದ ಚಿಟ್ಟೆಗಳ ಮೇಲೆ ಮಾವನವರಿಗೆ ಅಂಥ ಗೌರವವಿರಲಿಲ್ಲ. ಅವು ಯಾರ ಕಣ್ಣಿಗಾದರೂ ಬೀಳುತ್ತವೆ ಎನ್ನುತ್ತಿದ್ದರು. ಅವರ ಮನಸ್ಸಿಗೆ ಹಿಡಿದದ್ದು ನವಿರು ರೆಕ್ಕೆಯ ಪುಟ್ಟ ನೀಲಿ ಚಿಟ್ಟೆಗಳು. ಹುಲ್ಲಿನ ಮೇಲೆ, ಬೇಲಿಯ ಹೂವಿನ ಮೇಲೆ, ಹಿತ್ತಿಲಿನ ಒದ್ದೆ ನೆಲದ ಮೇಲೆ ಕೂತಿರುತ್ತವಲ್ಲ, ನಾವು ನೋಡಿಯೂ ನೋಡದ ಹಾಗೆ ದಾಟಿಹೋಗುತ್ತೇವಲ್ಲ, ಅವು. ಇವುಗಳಲ್ಲಿ ಎಷ್ಟೊಂದು ಬಗೆ ಎಂದು ನಾನು ಬೆರಗಾದಾಗ ಮಾವ ತಮಗೆ ಗೊತ್ತಿದ್ದ ದಾರಿಯಲ್ಲೇ ವಿವರಿಸಿದರು. ನವಿರು ರೆಕ್ಕೆಯವೆಲ್ಲ ಸೇರಿ ಒಂದು ಜಿಲ್ಲೆ. ಅದರೊಳಗೆ ತಾಲ್ಲೂಕುಗಳು. ತಾಲ್ಲೂಕಿನೊಳಗೆ ಹೋಬಳಿ. ಹೋಬಳಿಯೊಳಗೆ ನಾಕಾರು ಗ್ರಾಮ. ಆ ಗ್ರಾಮವೇ ಒಂದೊಂದು ಜಾತಿಯ ಚಿಟ್ಟೆ. ಇಡೀ ಜಿಲ್ಲೆ ತಮ್ಮ ಕೈಲಾಗುವುದಲ್ಲವೆಂದೂ, ಅವರೆ, ತೊಗರಿ, ಅಲಸಂದೆ ಇಂಥ ಕಾಯಿಗಿಡಗಳನ್ನು ನೆಚ್ಚಿಕೊಂಡು ಬದುಕುವ ಒಂದೇ ಒಂದು ಹೋಬಳಿಯನ್ನು ಅಚ್ಚುಕಟ್ಟು ಮಾಡಿದರೆ ಸಾಕೆಂದೂ ಹೇಳಿದರು.

ಆ ಹೋಬಳಿಯ ಚಿಟ್ಟೆಗಳು ರೆಕ್ಕೆ ಬಿಚ್ಚಿದರೆ ಎಲ್ಲವೂ ಒಂದೇ ನೀಲಿ. ಬೇರೆ ಬೇರೆ ಎಂದು ತಿಳಿಯಬೇಕಾದರೆ ರೆಕ್ಕೆ ಮಡಿಸಿ ಕೂತಾಗ ಕಾಣುವ ಒಳಮೈ ನೋಡಬೇಕು. ಅಲ್ಲಿ ಚುಕ್ಕೆ, ಗೀಟು, ಬಾಲದ ಬಳಿ ಕಿತ್ತಳೆ ಬಣ್ಣದ ಬೊಟ್ಟು. ನನಗೆ ಅದು ಬೇಗ ಹತ್ತಿತು. ಅಂಗಡಿಯಲ್ಲಿ ಸೀರೆಯ ಸೆರಗು ತಿರುಗಿಸಿ ಹಿಂಬದಿಯ ನೂಲು ನೋಡುವುದು ನಾವೆಲ್ಲ ಮಾಡುವ ಕೆಲಸವೇ ತಾನೆ. ಮಧ್ಯಾಹ್ನ ಪಾತ್ರೆ ಕೆಲಸ ಮುಗಿದ ಮೇಲೆ ನಡುಮನೆಯಲ್ಲಿ ಕೂತು, ಮಾವ ಸೂಜಿಗೆ ಏರಿಸಿಕೊಟ್ಟ ಚಿಟ್ಟೆಗಳ ಕೆಳಗೆ ನಾನು ಚೀಟಿ ಪೋಣಿಸುತ್ತಿದ್ದೆ. ಮರದ ಪೆಟ್ಟಿಗೆಗಳಿಗೆ ನುಸಿಗುಳಿಗೆ ಬೇಕಲ್ಲ, ಅದು ಅತ್ತೆಯ ರೇಷ್ಮೆ ಸೀರೆಯ ಟ್ರಂಕಿನಿಂದ ಬರುತ್ತಿತ್ತು. ವರ್ಷಕ್ಕೊಮ್ಮೆ ಟ್ರಂಕು ತೆಗೆದಾಗ ಅತ್ತೆ ಗುಳಿಗೆ ಎಲ್ಲಿ ಎಂದು ಕೇಳುವರು, ಮಾವ ಅದು ಕರಗುವ ಪದಾರ್ಥ ಎನ್ನುವರು. ನನ್ನ ಯಜಮಾನರು ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು ನಗುವರು.

ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಮಾವನವರ ಹೋಬಳಿಯಲ್ಲಿ ಹೊಸ ಗ್ರಾಮವೊಂದು ಕಾಣಿಸಿಕೊಂಡಿತು. ಬೆಟ್ಟದ ತಪ್ಪಲಿನ ಒಣ ಬಯಲಿನಲ್ಲಿ, ಮಾರ್ಚಿ ಏಪ್ರಿಲಿನ ಉರಿಬಿಸಿಲಿನಲ್ಲಿ ಸಿಕ್ಕ ಕೆಲವು ಚಿಟ್ಟೆಗಳು. ಮೇಲೆ ಅದೇ ನೀಲಿ. ಒಳಮೈ ಮಾತ್ರ ಬೋಳು; ಚುಕ್ಕೆಗಳೆಲ್ಲ ಒಗೆದು ಹೋದಂತೆ, ಬರೀ ಮರಳಿನ ಬಣ್ಣ. ಮಾವನವರು ಇದ್ದ ಪುಸ್ತಕಗಳನ್ನೆಲ್ಲ ತಿರುವಿಹಾಕಿದರು. ಎಲ್ಲಿಯೂ ಇದರ ಸುದ್ದಿಯಿರಲಿಲ್ಲ. ಬೊಂಬಾಯಿಯಲ್ಲಿ ಚಿಟ್ಟೆಗಳ ವಿಷಯ ಬಲ್ಲ ಹಿರಿಯರೊಬ್ಬರಿದ್ದರು. ಅವರಿಗೆ ನನ್ನ ಕೈಯಲ್ಲಿ ಕಾಗದ ಬರೆಸಿದರು.

ಆ ಸಂಜೆ ಊಟಕ್ಕೆ ಕೂತಾಗ ಮಾವ ಹೊಸ ಜಾತಿಗೆ ಹೆಸರಿಡುವ ಕ್ರಮ ಹೇಳಿದರು. ಕಂಡುಹಿಡಿದವನು ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ. ಬೇರೆಯವರ ಹೆಸರು ಇಡಬಹುದು. ಆಮೇಲೆ ಮಜ್ಜಿಗೆ ಕಲಸಿಕೊಳ್ಳುತ್ತ, ತಲೆಯೆತ್ತದೆ ಅತ್ತೆಗೆ ಹೇಳಿದರು. "ನಿನ್ನ ಹೆಸರು ಇಡೋಣ ಅಂತಿದೀನಿ. ಈ ಮನೇಲಿ ಇಟ್ಟಿದ್ದಲ್ಲ. ನಿಮ್ಮಪ್ಪ ಇಟ್ಟಿದ್ದು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅತ್ತೆ ಹದಿಮೂರು ಹದಿನಾಲ್ಕರ ಹುಡುಗಿಯಾಗಿ ಮದುವೆಯಾಗಿ ಬಂದಾಗ, ಅವರ ಹೆಸರೂ ಅವರ ಅತ್ತೆಯ ಹೆಸರೂ ಒಂದೇ ಆಗಿತ್ತು. ಹಿರಿಯರ ಹೆಸರು ಹಿಡಿದು ಸೊಸೆಯನ್ನು ಬಾ ಹೋಗು ಎಂದು ಕರೆಯುವುದುಂಟೆ? ಹಸೆಯ ಮೇಲೆಯೇ ಬೇರೆ ಹೆಸರು ಇಟ್ಟರು. ಆ ಹೊಸ ಹೆಸರೂ ರೇಷನ್ ಕಾರ್ಡಿನಲ್ಲಿ ಉಳಿಯಿತೇ ಹೊರತು ಯಾರ ಬಾಯಲ್ಲೂ ಬರಲಿಲ್ಲ. ಮಾವನವರಿಗೆ ಅವರು "ಇವಳೇ," ಮಕ್ಕಳಿಗೆ "ಅವ್ವ," ಬೀದಿಯವರಿಗೆ ಶಿರಸ್ತೇದಾರರ ಮನೆಯವರು. ಹಳೆಯ ಹೆಸರು ಹಿಡಿದು ಕರೆಯುತ್ತಿದ್ದವರು ತವರಿನ ಕಡೆಯವರು ಮಾತ್ರ. ಅಪ್ಪ ಹೋದ ಮೇಲೆ ಅದನ್ನು ಕೇಳಿಯೇ ಇಲ್ಲ ಎಂದು ಒಮ್ಮೆ ಅಕ್ಕಿ ಆರಿಸುತ್ತ ನನಗೆ ಹೇಳಿದ್ದರು, ಬೇಜಾರಿನಿಂದೇನಲ್ಲ, ಮಳೆ ಬಂದು ಬಹಳ ದಿನವಾಯಿತು ಎಂಬ ಧಾಟಿಯಲ್ಲಿ.

ಮಾವನ ಮಾತಿಗೆ ಅತ್ತೆ ಅನ್ನದ ಪಾತ್ರೆ ಕೆಳಗಿಟ್ಟರು. "ಚೆನ್ನಾಯ್ತು ಬುಡಿ. ನಾಳೆ ಯಾರೋ ಅದನ್ನ ಸೂಜೀಲಿ ಚುಚ್ಚಿ ಡಬ್ಬಿಗೆ ಹಾಕ್ಬುಡ್ತಾರೆ. ನನ್ನನ್ನೇ ಚುಚ್ಚಿದಂಗೆ ಆಗಲ್ವಾ?"

ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ಆದರೆ ಮಾರನೆಯ ದಿನ ಮಾವ ಬೆಟ್ಟಕ್ಕೆ ಹೋದ ಮೇಲೆ ನನ್ನ ಪಕ್ಕ ಬಂದು ಕೂತು, ಆ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತಾರೆ ತೋರಿಸು ಎಂದರು. ಬರೆದು ತೋರಿಸಿದೆ. ಹಾಗಲ್ಲ, ಚಿಟ್ಟೆಗೆ ಇಡುವ ಹಾಗೆ ಬರಿ ಎಂದರು. ಲ್ಯಾಟಿನ್ನಿನ ಬಾಲ ಸೇರಿಸಿ ಮತ್ತೆ ಬರೆದೆ. ಒಮ್ಮೆ ಇಟ್ಟರೆ ಬದಲಾಯಿಸುತ್ತಾರಾ ಎಂದು ಕೇಳಿದರು. ಇಲ್ಲ, ನಾವೆಲ್ಲ ಹೋದ ಮೇಲೂ ಅದೇ ಇರುತ್ತದೆ ಎಂದೆ. ಅತ್ತೆ "ಹೌದಾ" ಎಂದು ಎದ್ದು ಹೋದರು. ಆ ವಾರದಲ್ಲೇ ಹಾಲಿನವಳಿಗೂ, ಎದುರುಮನೆಯ ಅಜ್ಜಿಗೂ, ಮಠದಿಂದ ಬಂದಿದ್ದ ಅಯ್ಯನವರಿಗೂ ವಿಷಯ ಗೊತ್ತಾಗಿತ್ತು. ನಾನಂತೂ ಯಾರಿಗೂ ಹೇಳಿರಲಿಲ್ಲ.

ಬೊಂಬಾಯಿಯ ಹಿರಿಯರು ಉತ್ತರ ಬರೆದರು. ಮರ್ಯಾದೆಯ ಕಾಗದ. ಚಿಟ್ಟೆ ಕುತೂಹಲದ್ದೇ, ಆದರೆ ಕೆಲವು ಚಿಟ್ಟೆಗಳು ಮಳೆಗಾಲಕ್ಕೊಂದು ಬಣ್ಣ, ಬೇಸಿಗೆಗೊಂದು ಬಣ್ಣ ತೊಡುತ್ತವೆ, ಇದೂ ಹಾಗೆಯೇ ಇರಬಹುದಲ್ಲವೇ ಎಂದು ಕೇಳಿದ್ದರು. ಅದಕ್ಕೆ ಒಂದೇ ಉಪಾಯ. ಚುಕ್ಕೆಯ ತಾಯಿಯೊಂದರಿಂದ ಮೊಟ್ಟೆ ಇಡಿಸಿ ಮರಿಗಳನ್ನು ಸಾಕಿ ನೋಡಿ. ಎಲ್ಲವೂ ಚುಕ್ಕೆಯವೇ ಆದರೆ ನಿಮ್ಮ ಬೋಳು ಚಿಟ್ಟೆ ಬೇರೆ ಜಾತಿ ಎಂಬ ಮಾತಿಗೆ ಬಲ ಬರುತ್ತದೆ. ಒಂದಾದರೂ ಬೋಳಾಗಿ ಹುಟ್ಟಿದರೆ ಎರಡೂ ಒಂದೇ. ಮಾವನವರು ಆ ಸಾಲನ್ನು ಅತ್ತೆಗೆ ಎರಡೆರಡು ಸಲ ಕನ್ನಡದಲ್ಲಿ ಹೇಳಿದರು.

ಸಾಕುವ ಕೆಲಸ ಅವರೆಯ ಕಾಲಕ್ಕೆ ಶುರುವಾಯಿತು. ಹಿತ್ತಿಲಿನ ಚಪ್ಪರದಲ್ಲಿ ಅವರೆ ಹೂ ಬಿಟ್ಟಿತ್ತು. ಮಾವ ಒಂದು ಚುಕ್ಕೆಯ ಹೆಣ್ಣನ್ನು ಹಿಡಿದು ತಂದು, ಹೂಗೊಂಚಲಿಗೆ ಸೊಳ್ಳೆಪರದೆಯ ಚೂರು ಕಟ್ಟಿ ಒಳಗೆ ಬಿಟ್ಟರು. ಮೊಗ್ಗಿನ ಮೇಲೆ ಸಣ್ಣ ರವೆಯ ಕಾಳಿನಂಥ ಮೊಟ್ಟೆಗಳಾದವು. ಹುಳುಗಳು ಹುಟ್ಟಿ ಎಳೆಗಾಯಿಯೊಳಗೆ ಕೊರೆದುಕೊಂಡು ಹೋದವು. ಅವು ಒಂದನ್ನೊಂದು ಕಚ್ಚುತ್ತವೆ ಎಂದು ಗೊತ್ತಾದ ಮೇಲೆ ಎರಡು ಗಾಜಿನ ಭರಣಿಗಳಿಗೆ ವಿರಳವಾಗಿ ಹಂಚಿ, ಬಾಯಿಗೆ ಹಳೇ ಪಂಚೆಯ ಚೂರು ಕಟ್ಟಿ, ಬಚ್ಚಲುಮನೆಯ ಗೂಡಿನಲ್ಲಿ ಇಟ್ಟರು. ಅಲ್ಲಿ ನೆಲ ಯಾವಾಗಲೂ ಒದ್ದೆ, ಇರುವೆ ಹತ್ತುವುದಿಲ್ಲ. ದಿನವೂ ಹೊಸ ಕಾಯಿ ಹಾಕುವ ಕೆಲಸ ಅತ್ತೆಯದಾಯಿತು. ಮಾವನ ದಪ್ಪ ಬೆರಳಿಗೆ ಸಿಕ್ಕಿದ ಹುಳು ಉಳಿಯುತ್ತಿರಲಿಲ್ಲ.

ಅತ್ತೆ ಪೇಟೆಗೆ ಹೋದಾಗ ತರಕಾರಿಯವಳ ಗುಡ್ಡೆಯಲ್ಲಿ ಸೊಗಡು ಹತ್ತಿ ಘಮಗುಡುವ ಕಾಯಿಯನ್ನೇ ಮೂಸಿ ಮೂಸಿ ಆರಿಸುತ್ತಿದ್ದರು. ಹುಳ ಇಲ್ಲದ ಕಾಯಿ ಕಣವ್ವ, ಎಲ್ಲಾ ಶುದ್ಧ ಎಂದು ಅವಳು ಹೇಳಿದರೆ, ಹುಳಕ್ಕೇ ಬೇಕಾಗಿರೋದು ಎನ್ನುತ್ತಿದ್ದರಂತೆ. ಮೊದಲ ಪಾಲು ಭರಣಿಗೆ. ಉಳಿದದ್ದು ನಮ್ಮ ಹಿತಕಿದ ಬೇಳೆ ಸಾರಿಗೆ.

ನನ್ನ ಮಗುವಿಗೆ ಆಗ ಮೂರು ತಿಂಗಳು. ಅತ್ತೆ ನನ್ನನ್ನೂ ಮಗುವನ್ನೂ ಬಿಸಿನೀರು, ಕೆಂಡ, ಸಾಂಬ್ರಾಣಿ, ಕಿವಿಗೆ ಬಟ್ಟೆ ಎಂದು ಬೆಚ್ಚಗೆ ಇಟ್ಟಿದ್ದ ಕಾಲ. ಒಂದು ಭರಣಿಯ ಹುಳುಗಳು ಮಂಕಾಗಿ, ಸಣ್ಣಗೆ ಉಳಿದದ್ದನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ಪುಷ್ಯಮಾಸದ ಚಳಿ, ಬಚ್ಚಲು ಬೇರೆ ಥಂಡಿ, ಎಳೇ ಕೂಸುಗಳು ಹೇಗೆ ತಡೆದಾವು ಎಂದು ಆ ಭರಣಿಯನ್ನು ಎತ್ತಿ ತಂದು ಅಡುಗೆಮನೆಯಲ್ಲಿ ಒಲೆಯ ಮಗ್ಗುಲಿನ ಗೂಡಿನಲ್ಲಿ, ಬೆಲ್ಲದ ಡಬ್ಬಿಯ ಹಿಂದೆ ಇಟ್ಟರು. ಅಡುಗೆಮನೆಗೆ ಹುಳು ತರುವುದೇ ಎಂದು ಬೇರೆ ಯಾರಾದರೂ ಮಾಡಿದ್ದರೆ ಅವರೇ ಬೈಯುತ್ತಿದ್ದರು. ಮಾವ ಆ ಭರಣಿ ಎಲ್ಲಿ ಎಂದು ಕೇಳಿದಾಗ, ಅವು ಉಳಿಯೋ ಹಂಗೆ ಕಾಣಲಿಲ್ಲ ಎಂದರು. ಮಾವ ಸತ್ತವೆಂದು ತಿಳಿದುಕೊಂಡರು. ಉಳಿಸಿ ತೋರಿಸುವುದು ಅತ್ತೆಯ ಹಟ. ನಾನು ಒಲೆಯ ಮುಂದೆ ಕೂತು ಮಗುವಿನ ಬಟ್ಟೆ ಒಣಗಿಸುತ್ತ ಎಲ್ಲವನ್ನೂ ನೋಡುತ್ತಿದ್ದೆ. ಒಂದೇ ಮನೆಯಲ್ಲಿ ಎರಡು ಬಾಣಂತನ ನಡೆಯುತ್ತಿದೆ ಅನ್ನಿಸುತ್ತಿತ್ತು.

ಸಂಕ್ರಾಂತಿಗೆ ಮುಂಚೆ ಬಚ್ಚಲಿನ ಭರಣಿಯ ಕೋಶಗಳು ಒಡೆದು ಚಿಟ್ಟೆಗಳು ಹೊರಬಂದವು. ಒಂದೊಂದಾಗಿ ರೆಕ್ಕೆ ಮಡಿಸಿ ಕೂತ ಹಾಗೆಲ್ಲ ಮಾವ ಭೂತಕನ್ನಡಿ ಹಿಡಿದು ನೋಡುವರು, ಚುಕ್ಕೆ ಎನ್ನುವರು. ಮತ್ತೊಂದು, ಚುಕ್ಕೆ. ಎಲ್ಲವೂ ಚುಕ್ಕೆ. ಮಾವನವರು ಕಚೇರಿಯಲ್ಲಿ ಬಡ್ತಿ ಬಂದ ದಿನವೂ ಅಷ್ಟು ಹಿಗ್ಗಿರಲಿಲ್ಲವಂತೆ. ಹೊಸ ಜಾತಿಯ ಚೀಟಿ ಬರೆಯಲು ನನಗೆ ಹೇಳಿದರು. ನಾನು ಲ್ಯಾಟಿನ್ ಬಾಲದ ಆ ಹೆಸರನ್ನು ನನ್ನ ಜೀವಮಾನದ ಅತ್ಯುತ್ತಮ ಅಕ್ಷರದಲ್ಲಿ ಬರೆದೆ. ಶಾಯಿ ಒಣಗುವವರೆಗೂ ಅತ್ತೆ ಅದರ ಪಕ್ಕದಲ್ಲೇ ನಿಂತಿದ್ದರು. ಆ ದಿನದ ಸಾರಿಗೆ ತುಪ್ಪ ಧಾರಾಳವಾಗಿತ್ತು.

ಆಮೇಲೆ ಹಬ್ಬದ ಗಡಿಬಿಡಿಯಲ್ಲಿ ಎರಡು ಮೂರು ದಿನ ಹೋದವು. ಮಾವ ಬೊಂಬಾಯಿಗೆ ಕಳಿಸುವ ಲೇಖನಕ್ಕೆ ಕೊನೆಯ ಸಾಲು ಯೋಚಿಸುತ್ತ ಬೆಟ್ಟಕ್ಕೆ ಹೋಗಿದ್ದ ಒಂದು ಬೆಳಗ್ಗೆ, ಅತ್ತೆ ಬೆಲ್ಲದ ಡಬ್ಬಿಗೆ ಕೈಹಾಕಿದವರು ಹಾಗೆಯೇ ನಿಂತುಬಿಟ್ಟರು. ಭರಣಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ನನ್ನನ್ನು ಹತ್ತಿರ ಕರೆದರು.

ಒಳಗೆ ಪಂಚೆಯ ಚೂರಿಗೆ ಅಂಟಿಕೊಂಡು ಒಂದು ಚಿಟ್ಟೆ ಕೂತಿತ್ತು. ಆಗತಾನೆ ಬಂದದ್ದು, ರೆಕ್ಕೆಯ ಸುಕ್ಕು ಬಿಚ್ಚಿತ್ತು. ಒಳಮೈ ಬೋಳು. ಮರಳಿನ ಬಣ್ಣ. ಕೆಳಗೆ ಇನ್ನೊಂದು ಕೋಶದಿಂದ ಅರ್ಧ ಹೊರಬಿದ್ದಿತ್ತು, ಅದೂ ಹಾಗೆಯೇ.

ಬೊಂಬಾಯಿಯ ಕಾಗದದ ಆ ಸಾಲು ನಮ್ಮಿಬ್ಬರಿಗೂ ಬಾಯಿಪಾಠವಾಗಿತ್ತು. ಈ ಭರಣಿ ಬದುಕಿದೆಯೆಂದು ಮಾವನಿಗೆ ಗೊತ್ತೇ ಇಲ್ಲ. ಕಿಟಕಿ ತೆರೆದಿತ್ತು. ಚಿಟ್ಟೆ ಒಮ್ಮೆ ರೆಕ್ಕೆ ಅಲುಗಿಸಿತು. ಅತ್ತೆಯ ಬೆರಳು ಭರಣಿಯ ಬಾಯಿಗೆ ಕಟ್ಟಿದ್ದ ದಾರದ ಗಂಟಿನ ಮೇಲಿತ್ತು. ಉಗುರಿನಲ್ಲಿ ಗಂಟನ್ನು ಕೆದಕಿದರು ಎಂದೇ ನನಗನ್ನಿಸಿತು. ಅದು ಸಡಿಲವಾಗಿದೆಯೇ ಎಂದು ನೋಡಿದ್ದೂ ಇರಬಹುದು. ಒಲೆಯ ಮೇಲೆ ಹಾಲು ಉಕ್ಕಿತು. ನಾನು ಅದನ್ನು ಇಳಿಸಿ ತಿರುಗುವಷ್ಟರಲ್ಲಿ ಅತ್ತೆ ದಾರವನ್ನು ಇನ್ನೊಂದು ಸುತ್ತು ಬಿಗಿದು, ಭರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜಗಲಿಗೆ ಹೋಗಿ ಕೂತಿದ್ದರು.

ಮಾವ ಬಂದವರು ಚಪ್ಪಲಿ ಕಳಚುವ ಮೊದಲೇ ಅತ್ತೆ ಭರಣಿಯನ್ನು ಮುಂದೆ ಚಾಚಿದರು. ಮಾವ ನೋಡಿದರು. ಇದು ಯಾವ ಭರಣಿ, ಎಲ್ಲಿತ್ತು ಎಂದು ಕೇಳಿದರು. ಅತ್ತೆ ಚಳಿ, ಎಳೇ ಹುಳು, ಒಲೆಯ ಗೂಡು ಎಲ್ಲವನ್ನೂ ಹೇಳಿದರು. ಮಾವ ಬಲೆಯ ಕೋಲನ್ನು ಗೋಡೆಗೆ ಒರಗಿಸಿ ಅವರ ಪಕ್ಕದಲ್ಲೇ ಕೂತರು.

"ಒಬ್ಬಳೇ ತಾಯಿ," ಎಂದರು. "ಬಚ್ಚಲಲ್ಲಿ ಬೆಳೆದವು ಮಳೆಗಾಲ ಅಂದ್ಕೊಂಡ್ವು. ಒಲೆ ಪಕ್ಕ ಇದ್ದವು ಬೇಸಿಗೆ ಅಂದ್ಕೊಂಡ್ವು. ಅಷ್ಟೇ ಕಣೇ."

"ಅಂದ್ರೆ ನಿಮ್ಮ ಲೆಕ್ಕದಲ್ಲಿ ಎರಡೂ ಒಂದೇ ಊರಾ?"

"ಒಂದೇ ಊರು."

ಆಮೇಲೆ ಮಾವ ಅತ್ತೆಯ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ನನಗೆ ಗೊತ್ತೇ ಆಗ್ತಿರಲಿಲ್ಲ. ಕಿಟಕೀಲಿ ಹಾರಿಸಿಬುಟ್ಟಿದ್ರೆ ಮುಗೀತಿತ್ತಲ್ಲೇ."

"ನಮ್ಮಪ್ಪ ಇಟ್ಟ ಹೆಸರು ಕಣ್ರೀ," ಎಂದರು ಅತ್ತೆ. "ಇಷ್ಟು ವರ್ಸ ಮೂಲೇಲಿ ಬಿದ್ದಿತ್ತು, ಇನ್ನೂ ಬಿದ್ದಿರ್ಲಿ. ಸುಳ್ಳಿಗೆ ಮಾತ್ರ ಅಂಟಿಸಬ್ಯಾಡಿ."

ಹಾಗೆ ಹೇಳಿ ಒಳಗೆ ಬಂದು ಉಕ್ಕಿದ ಹಾಲನ್ನು ಒಲೆಯ ಸುತ್ತ ಒರೆಸತೊಡಗಿದರು. ಅದನ್ನು ನಾನಾಗಲೇ ಒರೆಸಿದ್ದೆ. ಒರೆಸಲಿ ಎಂದು ಬಿಟ್ಟೆ. ನಾನು ಬರೆದ ಚೀಟಿ ಪೆಟ್ಟಿಗೆಯಿಂದ ಹೊರಬಂತು. ಸಂಜೆ ಯಜಮಾನರು ಕಚೇರಿಯಿಂದ ಬಂದು ವಿಷಯ ಕೇಳಿ, "ಅಪ್ಪ, ಒಂದು ಗ್ರಾಮ ಕಡಿಮೆ ಆಯ್ತು, ಶ್ಯಾನುಭೋಗರ ಸಂಬಳ ಉಳೀತು" ಎಂದರು. ಆ ದಿನ ಮಾವ ನಕ್ಕದ್ದು ಅದೊಂದೇ ಸಲ.

ಆದರೆ ಶಿರಸ್ತೇದಾರರು ಕಡತ ಮುಗಿಸದೆ ಬಿಡುವವರಲ್ಲ. ಮರುದಿನದಿಂದಲೇ ನನ್ನನ್ನು ಕೂರಿಸಿಕೊಂಡು ಹೊಸದಾಗಿ ಬರೆಸಿದರು. ತಾವು ಎರಡೆಂದು ತಿಳಿದದ್ದು ಒಂದೇ ಜಾತಿ. ಒಬ್ಬಳೇ ತಾಯಿಯ ಮೊಟ್ಟೆಗಳಿಂದ ಒದ್ದೆಯ ಥಂಡಿಯಲ್ಲಿ ಚುಕ್ಕೆಯವೂ ಒಲೆಯ ಒಣ ಬಿಸಿಯಲ್ಲಿ ಬೋಳಿನವೂ ಹುಟ್ಟಿದವು. ಆದ್ದರಿಂದ ಈ ಹೋಬಳಿಯಲ್ಲಿ ಒಳಮೈ ಬಣ್ಣವೊಂದನ್ನೇ ನಂಬಿ ಗ್ರಾಮ ವಿಂಗಡಿಸಬಾರದು. ಹೋಬಳಿ, ಗ್ರಾಮ ಎಂಬುದನ್ನು ನಾನು ಇಂಗ್ಲಿಷಿನಲ್ಲಿ ಸರಿಮಾಡಿದೆ ಅನ್ನಿ. ಕೊನೆಗೆ ಉಪಕಾರ ಸ್ಮರಣೆಯ ಸಾಲು ಬಂತು. ಹುಳುಗಳನ್ನು ಸಾಕಿ ಗಮನಿಸಿದವರು ನನ್ನ ಪತ್ನಿ ಎಂದು ಬರಿ ಎಂದರು. ಬರೆದೆ.

ಬಾಗಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಏನು ಬರೆದೆ ಎಂದು ನನ್ನನ್ನೇ ಕೇಳಿದರು. ಹೇಳಿದೆ. ಅವರ ಕೈ ನಿಂತಿತು.

"ಪತ್ನಿ ಅಂದ್ರೆ ಯಾರು ಅಂತ ಬೊಂಬಾಯಿನೋರಿಗೆ ಹೆಂಗೆ ಗೊತ್ತಾಗುತ್ತೆ? ಕಾಯಿ ಹಾಕಿದ್ದು ನಾನು. ಒಲೆ ಪಕ್ಕ ಇಟ್ಟಿದ್ದು ನಾನು. ಮೊದಲು ನೋಡಿದ್ದೂ ನಾನೇ. ಇದು ನಿಜ ತಾನೆ?"

ನಿಜ ಎಂದರು ಮಾವ.

"ನಿಜ ಆದ್ರೆ ಹೆಸರು ಹಾಕಿ."

ಯಾವ ಹೆಸರು ಎಂದು ನಾನು ಕೇಳುವ ಅಗತ್ಯವಿರಲಿಲ್ಲ. ಮಾವ ನನ್ನ ಕಡೆ ತಿರುಗಿ, ಬರೆದುಕೊಳ್ಳಮ್ಮ ಎಂದರು. ನಾನು ನಿಬ್ಬು ಅದ್ದಿ ಕಾದೆ. ತಮ್ಮ ತಾಯಿಯದೂ ಆಗಿದ್ದ ಆ ಹೆಸರನ್ನು ಹೆಂಡತಿಯ ಮುಂದೆ ಬರಿಬಾಯಲ್ಲಿ ಹೇಳುವುದು ಅವರಿಂದಾಗಲಿಲ್ಲ. ಛಾವಣಿಯ ಕಡೆ ನೋಡುತ್ತ, ಒಂದೊಂದೇ ಇಂಗ್ಲಿಷು ಅಕ್ಷರ ಹೇಳಿ ಬರೆಸಿದರು. ಒಂದೊಂದು ಅಕ್ಷರಕ್ಕೂ ಅತ್ತೆ ಒಂದೊಂದು ಕಾಯಿ ಬಿಡಿಸಿದರು.

ಲೇಖನ ಚಿಕ್ಕದಾಗಿ ಅಚ್ಚಾಗಿ ಬರುವ ಹೊತ್ತಿಗೆ ನನ್ನ ಮಗು ನಡೆಯುತ್ತಿತ್ತು. ಅಂಚೆಯವನು ಕೊಟ್ಟ ಲಕೋಟೆಯನ್ನು ಮಾವ ಒಡೆದು ನೋಡಿ, ಸುಮ್ಮನೆ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಕೈ ಒರೆಸಿಕೊಂಡು ನನ್ನ ಹತ್ತಿರ ತಂದು, ಎಲ್ಲಿದೆ, ಬೆರಳಿಟ್ಟು ತೋರಿಸು ಎಂದರು. ಬೆರಳಿಟ್ಟೆ. ಬೆರಳು ತೆಗಿ, ಮುಚ್ಚಿಬುಟ್ಟೆ ಎಂದರು. ತೆಗೆದೆ. ಬಹಳ ಹೊತ್ತು ನೋಡಿದರು. ಹಿಂದೆ ಮುಂದೆ ಏನಿದೆ ಓದು ಎಂದು ಹೇಳಿ, ನಾನು ಕನ್ನಡದಲ್ಲಿ ಹೇಳುತ್ತಾ ಹೋದಂತೆ ಪ್ರತಿ ಸಾಲಿಗೂ ತಲೆಯಾಡಿಸಿದರು. ಹುಳುಗಳಿಗೆ ಅವರೆಕಾಯಿ ತಿನ್ನಿಸಲಾಯಿತು ಎಂಬಲ್ಲಿಗೆ ಬಂದಾಗ ನನ್ನನ್ನು ತಡೆದರು.

"ಬರೀ ಅವರೆ ಅಂತ ಹಾಕ್ಬುಟ್ಟವ್ರಾ? ಸೊಗಡವರೆ ಅಂತ ಹಾಕ್ಬೇಕಿತ್ತು ಕಣಮ್ಮ. ಎಂಥ ಕಾಯಿ ಆರಿಸಿ ತಂದಿದ್ದೆ ನಾನು."